ಕದದ ಮೇಲೆ ಹೊಲಕ್ಕೆ ಹೋಗುತ್ತಿದ್ದವಳು

ನನ್ನ ಅತ್ತೆಯ ಎಡ ಮೊಣಕೈ ಕೆಳಗೆ ದುಂಡನೆಯ ಒಂದು ಗುರುತಿತ್ತು. ಹಳೆಯ ನಾಲ್ಕಾಣೆಯಷ್ಟು ಅಗಲ, ಎಮ್ಮೆಯ ಮೊಣಕಾಲಿನ ಚರ್ಮದಂತೆ ಕಪ್ಪಗೆ, ಒರಟು. ರೊಟ್ಟಿ ಬಡಿಯುವಾಗ ಅದು ಕೈಯೊಂದಿಗೆ ಏಳುತ್ತ ಬೀಳುತ್ತ ಕಾಣುತ್ತಿತ್ತು. ಹೊಸಬರು ಸುಟ್ಟ ಗಾಯವೇ ಎಂದು ಕೇಳಿದರೆ, "ಅಲ್ರಿ, ಕದಾ ಒತ್ತಿದ್ದು" ಎನ್ನುತ್ತಿದ್ದಳು. ಅವರು ಬಾಗಿಲ ಸಂದಿಗೆ ಕೈ ಸಿಕ್ಕಿರಬೇಕೆಂದುಕೊಂಡು 'ಪಾಪ' ಎಂದು ಸುಮ್ಮನಾಗುತ್ತಿದ್ದರು. ಅತ್ತೆಯೂ ಅಷ್ಟಕ್ಕೇ ಬಿಡುತ್ತಿದ್ದಳು.

ಕದ ಒತ್ತಿದ್ದು ನಿಜ. ಆದರೆ ಒತ್ತುವಾಗ ಆ ಕದ ನೀರಿನ ಮೇಲೆ ಇರುತ್ತಿತ್ತು. ಅತ್ತೆ ಅದರ ಮೇಲೆ ಬೋರಲು ಮಲಗಿರುತ್ತಿದ್ದಳು. ಹಿಂದಿನಿಂದ ಬಂದ ತೆರೆ ಅವಳನ್ನೂ ಕದವನ್ನೂ ಒಟ್ಟಿಗೆ ಎತ್ತಿಕೊಂಡು ದಂಡೆಗೆ ಓಡುತ್ತಿತ್ತು.

ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ. ಅದಕ್ಕೇ ನಿಧಾನಕ್ಕೆ ಬರೆಯುತ್ತೇನೆ. ನಾನು ನೋಡಿದ್ದನ್ನು ನೋಡಿದೆನೆಂದು, ನೋಡದ್ದನ್ನು ಯಾರು ಹೇಳಿದರೆಂದು ಹೇಳುತ್ತೇನೆ.

ಆಕೆ ನನ್ನ ತಂದೆಯ ತಂಗಿ. ಇಂಡಿ ತಾಲೂಕಿನ ನಮ್ಮೂರಿನಿಂದ ನಿಡಗುಂದಿ ಕಡೆಗೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. ನಮ್ಮೂರಿನಲ್ಲಿ ಬೇಸಿಗೆ ಬಂದರೆ ಕೊಡ ಬಾವಿಯ ತಳ ಕೆರೆಯುವ ಸದ್ದು ಕೇಳುತ್ತಿತ್ತು. ಅಂಥ ಊರಿನ ಹುಡುಗಿಗೆ ಹೊಳೆಯಲ್ಲಿ ಈಜು ಕಲಿಸಿದವಳು ಅವಳ ಅತ್ತೆ, ನಾನು 'ಆಯಿ' ಎಂದು ಕರೆಯುತ್ತಿದ್ದ ಮುದುಕಿ. ಒಣಗಿದ ಸೋರೆ ಬುರುಡೆ ಎರಡನ್ನು ಬೆನ್ನಿಗೆ ಕಟ್ಟಿ, "ಕೈಕಾಲ ಬಡಿ, ಇಲ್ಲಾಂದ್ರ ತವರಮನಿಗೆ ಹೋಗು" ಎಂದು ತಳ್ಳಿದ್ದಳಂತೆ. ಸೊಸೆ ಕಲಿತಳು, ಮಗ ಕಲಿಯಲಿಲ್ಲ. ಆ ಮಗ, ಅಂದರೆ ನನ್ನ ಮಾವ, ಚಿಕ್ಕವನಿದ್ದಾಗ ಅವನ ಬೆನ್ನಿನ ಬುರುಡೆ ನಡುನೀರಿನಲ್ಲಿ ಒಡೆದು ಹೋಗಿತ್ತು. ಅಂದಿನಿಂದ ಮಾವನಿಗೆ ನೀರೆಂದರೆ ಬಿಂದಿಗೆಯಲ್ಲಿದ್ದಷ್ಟೇ.

ಆಲಮಟ್ಟಿಯ ಅಣೆಕಟ್ಟಿನ ನೀರು ಏರುವ ಮೊದಲು ಆ ಊರಿನವರೆಲ್ಲ ಮನೆ ಬಿಚ್ಚಿದರು. ತೊಲೆ, ಜಂತಿ, ಕಂಬ, ಕದ ಎಲ್ಲವನ್ನೂ ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಮೇಲಿನ ದಿನ್ನೆಯ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದರು. ಮಾವನ ಹೊಲದ ಬಾವಿಯ ದಂಡೆಯ ಮೇಲೆ, ಎತ್ತು ಕಟ್ಟಿ ನೀರೆಳೆಯುತ್ತಿದ್ದ ಕಾಲದ ಎರಡು ಕಲ್ಲುಕಂಬಗಳಿದ್ದವು, ಎದೆಯೆತ್ತರದವು. ಆಯಿಯ ಗಂಡ ನಿಲ್ಲಿಸಿದ್ದವು. ಅವನ್ನು ಕಿತ್ತು ತರಲು ಹೋದ ಮಾವ ಒಂದನ್ನು ತಂದ. ಇನ್ನೊಂದು ಕೀಳುವಾಗ ಮುರಿಯಿತು, ತುಂಡನ್ನು ಬಾವಿಗೆ ಹಾಕಿದೆ ಎಂದ. ತಂದ ಕಲ್ಲನ್ನು ಹೊಸ ಮನೆಯ ಅಂಗಳದಲ್ಲಿ ನೆಟ್ಟ. ಅದಕ್ಕೆ ಆಕಳು ಕಟ್ಟುತ್ತಿದ್ದರು.

ಹಳೆಯ ಮನೆಯ ಮುಂಬಾಗಿಲಿಗೆ ಸಾಗವಾನಿಯ ಎರಡು ಕದಗಳು. ಹೊಸ ಮನೆಯ ಬಾಗಿಲಿಗೆ ಅವು ಹೊಂದಲಿಲ್ಲ. ಒಂದನ್ನು ಒಳಗೆ ಗೋಡೆಗೆ ನಿಲ್ಲಿಸಿದರು. ಇನ್ನೊಂದನ್ನು ಅತ್ತೆ ಬಟ್ಟೆ ಒಗೆಯಲು ತೆಗೆದುಕೊಂಡಳು. ಒಗೆಯಲು ಕದ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಹಿನ್ನೀರಿನ ದಂಡೆ ಎಂದರೆ ಮುಳುಗಿದ ಎರೆಹೊಲ. ಕಾಲಿಟ್ಟರೆ ಮೀನಖಂಡದ ತನಕ ಹೂತುಹೋಗುತ್ತದೆ. ಕದ ಹಾಸಿಕೊಂಡರೆ ಅದರ ಮೇಲೆ ಕೂತು ಒಗೆಯಬಹುದು.

ಮೊದಲನೆಯ ಆಷಾಢದಲ್ಲಿ ಹೀಗೇ ಕೂತು ಒಗೆಯುತ್ತಿದ್ದಾಗ ಪಡುವಣ ಗಾಳಿ ಎದ್ದು ತೆರೆಯೊಂದು ಕದದ ಕೆಳಗೆ ನುಗ್ಗಿತಂತೆ. ಕದ, ಅತ್ತೆ, ಒದ್ದೆ ಬಟ್ಟೆಯ ಬುಟ್ಟಿ ಎಲ್ಲ ಸೇರಿ ದಂಡೆಯ ಮೇಲೆ ಜಾರಿ ಹೋಗಿ ನಿಂತವು. ಜೊತೆಗೆ ಒಗೆಯುತ್ತಿದ್ದ ಹೆಂಗಸರು ಚೀರಿದರು. ಅತ್ತೆ ಮಾತ್ರ ಕೂತಲ್ಲೇ ಕೂತು ನಕ್ಕಳಂತೆ. ಊರು ಬಿಟ್ಟ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು ಎಂದು ಆಯಿ ಹೇಳುತ್ತಿದ್ದಳು.

ಮರುದಿನ ಅವಳು ಬುಟ್ಟಿ ಮನೆಯಲ್ಲೇ ಬಿಟ್ಟು ಕದವನ್ನಷ್ಟೇ ಒಯ್ದಳು.

ನಾನು ನಿಡಗುಂದಿಯ ಕಾಲೇಜಿಗೆ ಸೇರಿ ಅತ್ತೆಯ ಮನೆಯಲ್ಲಿ ಇರಲು ಬರುವ ಹೊತ್ತಿಗೆ ಇದು ಅವಳ ರೂಢಿಯಾಗಿತ್ತು. ಆಷಾಢದ ಗಾಳಿ ಬೀಸತೊಡಗಿದರೆ ಬೆಳಗಿನ ಕೆಲಸ ಮುಗಿಸಿ, ಹಳೆಯ ಸೀರೆಯನ್ನು ಕಳೆ ತೆಗೆಯಲು ಹೋಗುವವರಂತೆ ಕಚ್ಚೆ ಹಾಕಿ, ಕದದ ಮೂಲೆಗೆ ಹಗ್ಗ ಕಟ್ಟಿ ಎಳೆದುಕೊಂಡು ಹೊರಡುತ್ತಿದ್ದಳು. ಹೊರಡುವಾಗ ಒಳಗೆ ನೋಡಿ, "ಹೊಲಕ್ಕ ಹೋಗಿ ಬರ್ತೇನಿ" ಎಂದು ಕೂಗುತ್ತಿದ್ದಳು.

ಅದು ಕುಚೋದ್ಯವಲ್ಲ. ಅವಳು ಹೋಗುತ್ತಿದ್ದದ್ದು ಹೊಲಕ್ಕೇ. ನೀರಿನ ಕೆಳಗೆ ಅವರ ಹೊಲದ ಕಲ್ಲಿನ ಒಡ್ಡುಗಳು ಇನ್ನೂ ಹಾಗೇ ಇದ್ದವು. ಬಯಲು ನೀರಿನ ಮೇಲೆ ಮೊಣಕಾಲೆತ್ತರ ಬರುವ ತೆರೆ, ಒಡ್ಡಿನ ಮೇಲೆ ಬಂದಾಗ ಎದ್ದು ನಿಲ್ಲುತ್ತಿತ್ತು. ಅಲ್ಲಿಂದ ಮುರಿದು ದಂಡೆಗೆ ಓಡುತ್ತಿತ್ತು. ನೀರು ಏರಿದಂತೆ ತೆರೆ ಏಳುವ ಜಾಗವೂ ಒಂದು ಒಡ್ಡಿನಿಂದ ಮೇಲಿನ ಒಡ್ಡಿಗೆ ಸರಿಯುತ್ತಿತ್ತು. ಅತ್ತೆ ನಡುಮಟ್ಟದ ನೀರಿನಲ್ಲಿ ಒಡ್ಡಿನ ಮೇಲೆ ನಿಂತು, ಕದದ ತಲೆಯನ್ನು ದಂಡೆಯ ಕಡೆ ಮಾಡಿ, ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಬರುವ ತೆರೆಗಳಿಗೆ ಅವಳದೇ ಹೆಸರು. "ಇದು ಕರು, ಹೋಗಲಿ. ಇದೂ ಕರು. ಇಕಾ, ಇದು ಹೋರಿ!" ಎಂದವಳೇ ಕದದ ಮೇಲೆ ಬೀಳುತ್ತಿದ್ದಳು. ಚಿಲಕ ಕಿತ್ತ ತೂತಿನಲ್ಲಿ ಎಡ ಮೊಣಕೈ ಊರುತ್ತಿದ್ದಳು. ದಂಡೆ ಹತ್ತಿರ ಬಂದಂತೆ ಮೊಣಕಾಲ ಮೇಲೆ ಏಳುತ್ತಿದ್ದಳು. ನೀರು ಪಾದಮಟ್ಟ ಆದಾಗ ಬಂಡಿಯಿಂದ ಇಳಿಯುವಂತೆ ಇಳಿಯುತ್ತಿದ್ದಳು.

ಆಯಿಗೆ ಇದು ಸರಿಬರುತ್ತಿರಲಿಲ್ಲ. ನೀರಿಗಿಳಿಯುವುದರ ಬಗ್ಗೆ ಅವಳ ತಕರಾರಿಲ್ಲ, ಕದದ ಬಗ್ಗೆ.

"ಅರಿಷಿಣ ಕುಂಕುಮ ಏರಿಸಿದ ಕದದ ಮ್ಯಾಲ ಕಾಲ ಚಾಚಿ ಮಲಗ್ತಿ. ನಾಚಿಕಿ ಬರೂದಿಲ್ಲೇನ ನಿನಗ?"

"ಕುಂಕುಮ ಈಗೂ ಹಚ್ಚೇ ಒಯ್ತೇನ್ರಿ ಅತ್ತೀ. ಹೊಸ್ತಿಲಾ ಅಲ್ಲೇ ನೀರಾಗ ಉಳದೈತಿ. ಈ ಕದಾ ಹೋಗಿ ಅದನ್ನ ಮಾತಾಡಿಸಿ ಬರ್ತೈತಿ."

"ಮಾತಾಡಸ್ತೈತಿ! ಹೋಗು, ನಂದೂ ಶರಣ ಹೇಳು."

ಮಾವ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ. ತಲೆಗೆ ಕೆಂಪು ಪಟಕ ಸುತ್ತಿಕೊಂಡು, ದಿನ್ನೆಯ ಮೇಲಿನ ಹೊಸ ಹೊಲಕ್ಕೆ ಹೋಗುತ್ತಿದ್ದ. ನೀರಿನ ಕಡೆ ಬೆನ್ನು ಮಾಡಿ ನಡೆಯುತ್ತಿದ್ದ. ಆ ಮನೆಯಲ್ಲಿ ಹಳೆಯ ಊರಿನ ಮಾತು ಬಂದರೆ ಎದ್ದು ಹೋಗುವವನು ಅವನೊಬ್ಬನೇ.

ನನಗೂ ನೀರೆಂದರೆ ಭಯವೇ. ಅತ್ತೆ ಒತ್ತಾಯ ಮಾಡಲಿಲ್ಲ. ಮೊದಲು ಕದದ ಹಿಂತುದಿ ಹಿಡಿದು ನಿಲ್ಲುವ ಕೆಲಸ ಕೊಟ್ಟಳು. ಆಮೇಲೆ ನೀರಿನಲ್ಲಿ ತೇಲುವುದನ್ನು, ಈಜುವುದನ್ನು ಕಲಿಸಿದಳು. ಬುರುಡೆಯ ಬದಲು ಪ್ಲಾಸ್ಟಿಕ್ ಕ್ಯಾನು ಕಟ್ಟಿದಳು, ಅಷ್ಟೇ ವ್ಯತ್ಯಾಸ. ಕದದ ಮೇಲೆ ಮಲಗಿಸಿದ ಮೊದಲ ದಿನ ನಾನು ತೆರೆ ಬರುವ ಮೊದಲೇ ಕೈಕಾಲು ಬಡಿಯತೊಡಗಿದೆ.

"ತಡಿಯವಾ, ತಡಿ. ಎತ್ತ ಏಳೂದ ನೋಡಿಯಿಲ್ಲ? ಮೊದಲ ಹಿಂದಿನ ಕಾಲ ಎತ್ತತೈತಿ, ಆಮ್ಯಾಲ ಮುಂದಿನವು. ತೆರೀನೂ ಹಂಗಽ. ಮೊದಲ ನಿನ್ನ ಕಾಲ ಕಡೆ ಎತ್ತತೈತಿ. ಆವಾಗ ಗಾಬರಿ ಆಗಿ ಇಳದ್ರ ಬಿದ್ದಿ. ಸುಮ್ಮನ ಮಲಗು. ಮುಂದಿನ ಕಾಲೂ ಎತ್ತತೈತಿ."

ಕಾಲಿನ ಕಡೆ ಎದ್ದಿತು. ತಲೆ ನೀರಿಗೆ ಬಾಗಿತು. ಸುಮ್ಮನೆ ಮಲಗಿದೆ. ಆಮೇಲೆ ಆದದ್ದನ್ನು ಹೇಳಲು ನನಗೆ ಬರುವುದಿಲ್ಲ. ನೀರು ನನ್ನನ್ನು ಒಯ್ಯುತ್ತಿತ್ತು, ಮತ್ತು ಒಯ್ಯಲು ನಾನು ಬಿಟ್ಟಿದ್ದೆ. ದಂಡೆಗೆ ಬಂದು ಬಿದ್ದಾಗ ಬಾಯಿತುಂಬ ಎರೆಮಣ್ಣು. ಅತ್ತೆ ಒಡ್ಡಿನ ಮೇಲಿಂದ ಕೈ ಮೇಲೆತ್ತಿ ಕೂಗುತ್ತಿದ್ದಳು, "ಹೊಲಾ ದಾಟಿದಿ ನೋಡ ಖೋಡಿ! ಇಷ್ಟ ಬ್ಯಾಗ ಯಾ ಎತ್ತೂ ದಾಟಿದ್ದಿಲ್ಲ!"

ಕಾಲೇಜಿನ ಗೆಳತಿಯೊಬ್ಬಳು ಮನೆಗೆ ಬಂದಾಗ ಮೊಬೈಲಿನಲ್ಲಿ ಸಮುದ್ರದ ವಿಡಿಯೋ ತೋರಿಸಿದಳು. ಹಲಗೆಯ ಮೇಲೆ ನಿಂತು ಮನೆಯೆತ್ತರದ ತೆರೆಯಲ್ಲಿ ಜಾರುವ ಬಿಳಿಯರು. "ಇದಕ್ಕ ಸರ್ಫಿಂಗ್ ಅಂತಾರ್ರಿ ಅತ್ತೀ, ನೀವು ಮಾಡೂದು ಇದನ್ನಽ" ಎಂದಳು. ಅತ್ತೆ ಹಿಟ್ಟಿನ ಕೈ ದೂರ ಹಿಡಿದು ಕೊನೆಯ ತನಕ ನೋಡಿದಳು. ಆಮೇಲೆ ಮರುಗುವ ದನಿಯಲ್ಲಿ ಕೇಳಿದಳು:

"ಪಾಪ, ಅವರ ಹೊಲಾನೂ ಮುಳಗ್ಯಾವೇನು?"

ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅತ್ತೆ ನಗಲಿಲ್ಲ. ಹೊಲ ಮುಳುಗದವರು ಅಷ್ಟು ದೂರ ನೀರಿನಲ್ಲಿ ಯಾಕೆ ಹೋಗುತ್ತಾರೆಂಬುದು ಅವಳಿಗೆ ಕಡೆಗೂ ತಿಳಿಯಲಿಲ್ಲ.

ಬೇಸಿಗೆಯಲ್ಲಿ ನೀರು ಇಳಿದು ಹೊಲ ಮೇಲೆ ಬರುತ್ತಿತ್ತು. ಬಿರುಕು ಬಿಟ್ಟ ಕೆಸರು, ಸತ್ತ ಶಂಖದ ಹುಳುಗಳು, ಮುರಿದ ಬಲೆ. ಎಷ್ಟೋ ಜನ ಹೋಗಿ ತಮ್ಮ ಜಾಗ ನೋಡಿ ಬರುತ್ತಿದ್ದರು. ಅತ್ತೆ ಒಮ್ಮೆಯೂ ಹೋಗಲಿಲ್ಲ. "ನೀರಾಗಿದ್ದಾಗ ಅದು ನಮ್ಮ ಹೊಲ. ಒಣಗಿದಾಗ ನೋಡಿದ್ರ ಸರಕಾರದ್ದಂತ ಕಾಣ್ತೈತಿ" ಎನ್ನುತ್ತಿದ್ದಳು. ಈ ಹಟದಿಂದಲೇ ಮುಂದಿನದು ಆಯಿತು.

ನಾನು ಎರಡನೆಯ ವರ್ಷದ ಪಿಯುಸಿಯಲ್ಲಿದ್ದಾಗ ಮೇಲಿನ ಸೀಮೆಯಲ್ಲಿ ಮಳೆ ತಡವಾಯಿತು. ಬೇರೆ ವರ್ಷ ಗಾಳಿ ಏಳುವ ಹೊತ್ತಿಗೆ ನೀರು ನಡುವಿನ ಒಡ್ಡಿಗೆ ಬಂದಿರುತ್ತಿತ್ತು, ಅತ್ತೆ ಅಲ್ಲಿಂದಲೇ ಶುರು ಮಾಡುತ್ತಿದ್ದಳು. ಆ ವರ್ಷ ಗಾಳಿ ಬಂತು, ನೀರು ಬರಲಿಲ್ಲ. ದೂರದ ಕೆಳಗಿನ ಒಡ್ಡಿನ ಮೇಲೆಯೇ ನಿಂತುಬಿಟ್ಟಿತು. ಅತ್ತೆ ದಿನವೂ ಅಂಗಳದಲ್ಲಿ ನಿಂತು ಹೋರಿಗಳು ಎದ್ದು ಮುರಿಯುವುದನ್ನು ನೋಡುತ್ತಿದ್ದಳು. ಒಂದು ಬೆಳಿಗ್ಗೆ, "ಕೆಳಗಿನ ಒಡ್ಡಿಗೇ ಹೋಗ್ತೇನಿ" ಎಂದಳು.

ಮಾವ ಆಕಳ ಹಗ್ಗ ಬಿಚ್ಚುತ್ತಿದ್ದವನು ತಿರುಗಿದ. "ಅಲ್ಲಿ ಬ್ಯಾಡ."

"ಯಾಕ್ರಿ?"

"ಬ್ಯಾಡಂದ್ರ ಬ್ಯಾಡ."

"ಇಷ್ಟ ವರ್ಷ ಬಾಯಿ ಬಿಡದವರು ಇವತ್ತ ಬ್ಯಾಡ ಅಂತೀರಿ. ಬರೇ ಬ್ಯಾಡಕ್ಕ ನಾ ಕೇಳೂದಿಲ್ಲ. ಕಾರಣಾ ಹೇಳ್ರಿ."

ಮಾವ ಹಗ್ಗ ಬಿಚ್ಚಿ ಆಕಳು ಹೊಡೆದುಕೊಂಡು ಹೋದ. ಆಕಳು ಹೊಡೆದುಕೊಂಡು ಹೋದ.

ಅತ್ತೆಯ ಮುಖ ಬಿಗಿಯಿತು. "ಊರು ಹೋತು, ಮನಿ ಹೋತು, ಅವಾಗ ಒಂದ ಮಾತ ಆಡಲಿಲ್ಲ. ಇದೊಂದ ಉಳದಿತ್ತು. ಇದನ್ನೂ ಕಸಗೋತಾನ" ಎಂದಳು. ಯಾರಿಗೆಂದು ಹೇಳಿದಳೋ ಗೊತ್ತಿಲ್ಲ. ಕದದ ಹಗ್ಗ ಹಿಡಿದಳು.

ಅಲ್ಲಿ ನೀರಿನ ಅಂಚಿನ ತನಕ ಕೆಸರಿನಲ್ಲಿ ಕದ ಎಳೆಯಲು ಇಬ್ಬರಿಗೂ ಉಸಿರು ಕಟ್ಟಿತು. ಅತ್ತೆ ನೀರಿಗಿಳಿದಳು. ನಾನು ಅವಳ ಒಣ ಸೀರೆಯ ಗಂಟು ಹಿಡಿದು ದಂಡೆಯಲ್ಲಿ ನಿಂತೆ. ಒಡ್ಡಿಗೂ ದಂಡೆಗೂ ನಡುವೆ ಎದೆಮಟ್ಟದ ಕಂದು ನೀರು. ಅದರ ಕೆಳಗೆ ಎಲ್ಲೋ ಆ ಬಾವಿ. ಅದು ಹೂಳಿನಿಂದ ತುಂಬಿ ಹೋಗಿದೆ ಎಂದು ನಮಗೆ ಗೊತ್ತಿತ್ತು, ಅದರ ಯೋಚನೆ ಯಾರಿಗೂ ಇರಲಿಲ್ಲ. ಅತ್ತೆ ಎರಡು ಕರುಗಳನ್ನು ಬಿಟ್ಟಳು.

ಆಗ ನನ್ನ ಪಕ್ಕದಿಂದ ಯಾರೋ ನೀರಿಗೆ ಓಡಿದರು. ಕೆಂಪು ಪಟಕ. ಮಾವ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು, ಏಕೆಂದರೆ ನೀರಿನಲ್ಲಿ ಅವನನ್ನು ನಾನು ಎಂದೂ ಕಂಡಿರಲಿಲ್ಲ. ಆಕಳು ಬಿಟ್ಟು ಮನೆಗೆ ಬಂದು ಚಹಾಕ್ಕೆ ಕೂತಿದ್ದನಂತೆ. ಕದ ಕಾಣದೆ ಆಯಿಯನ್ನು ಕೇಳಿ, ಕೆಳಗಿನ ಒಡ್ಡಿಗೆ ಹೋದಳು ಎಂದು ಆಕೆ ಅಂದದ್ದೇ ಚಹಾದ ಬಸಿಯನ್ನು ಅಲ್ಲೇ ಬಿಟ್ಟು ಎದ್ದನೆಂದು ಆಯಿ ಆಮೇಲೆ ಹೇಳಿದಳು. ನೀರು ಅವನ ಮೊಣಕಾಲಿಗೆ, ನಡುವಿಗೆ, ಎದೆಗೆ ಬಂತು. ಎರಡೂ ಕೈ ಮುಂದೆ ಚಾಚಿ, ಕತ್ತಲಲ್ಲಿ ಗೋಡೆ ಹುಡುಕುವವನಂತೆ ನೀರನ್ನು ತಡವುತ್ತ ಹೋದ. ಒಂದು ತೆರೆ ಅವನ ತಲೆಯ ಮೇಲೆ ಹಾದಿತು. ಪಟಕ ಬಿಚ್ಚಿ ತೇಲಿತು. ಮತ್ತೆ ತಲೆ ಎದ್ದಾಗ ಅವನ ಎರಡು ಕೈಗಳೂ ನೀರಿನ ಕೆಳಗೆ ಏನನ್ನೋ ತಬ್ಬಿ ಹಿಡಿದಿದ್ದವು.

ಅತ್ತೆ ಆಗಲೇ ಹೋರಿಯ ಮೇಲಿದ್ದಳು. ನೇರ ಅವನತ್ತ ಬರುತ್ತಿದ್ದಳು.

"ಕಲ್ಲೈತಿ!" ಮಾವ ಕೂಗಿದ. "ಇಲ್ಲಿ ಕಲ್ಲೈತಿ! ಆ ಕಡೆ ಹೊಳ್ಳು!"

ಸರಿದು ನಿಂತಿದ್ದರೆ ಕದ ಅವನನ್ನು ತಾಗುತ್ತಿರಲಿಲ್ಲ. ಅವನು ಸರಿಯಲಿಲ್ಲ. ಸರಿದರೆ ಕಲ್ಲು ಎಲ್ಲಿದೆ ಎಂದು ಅವಳಿಗೆ ಕಾಣುತ್ತಿರಲಿಲ್ಲ. ಅತ್ತೆ ಕದದಿಂದ ಪಕ್ಕಕ್ಕೆ ಹೊರಳಿ ಬಿದ್ದಳು. ಖಾಲಿ ಕದ ಮುಂದೆ ಬಂತು. ಮಾವ ತಲೆ ತಗ್ಗಿಸಿದ. ಕದದ ಮೂಲೆ ಕಲ್ಲಿಗೆ ಬಡಿದ ಸದ್ದು, ಕೊಡಲಿಯಿಂದ ತೊಲೆ ಸೀಳುವಂಥದ್ದು, ನನಗೆ ಈಗಲೂ ಕೇಳುತ್ತದೆ. ಆ ಮೂಲೆ ಸೀಳಿತ್ತು. ಅಲ್ಲಿ ಅತ್ತೆಯ ತಲೆ ಇರುತ್ತಿತ್ತು.

ಅವಳು ಎದ್ದು ಬಂದು ಮಾವನ ರಟ್ಟೆ ಹಿಡಿದಳು. ಮೊದಲು ಬಂದದ್ದು ಬೈಗುಳ.

"ಈಜ ಬರದ ಗಂಡಸ, ಇಲ್ಲ್ಯಾಕ ಬಂದ್ರಿ? ಸಾಯಾಕ ಬಂದ್ರೇನು?"

"ಕಲ್ಲೈತಿ."

"ಯಾ ಕಲ್ಲು?"

"ನಮ್ಮಪ್ಪನ ಕಲ್ಲು. ಮುರೀಲಿಲ್ಲ ಅದು. ನಾ ಕೀಳಲಿಲ್ಲ." ಮಾವನ ಹಲ್ಲು ಕಟಕಟ ಎನ್ನುತ್ತಿದ್ದವು. "ಎರಡೂ ಕಿತ್ರ ಹೊಲದ ಗುರ್ತ ಏನ ಉಳೀತೈತಿ ಅನಸ್ತು. ಒಂದ ಬಿಟ್ಟ ಬಂದೆ. ಹೇಳಿದ್ರ ನಗ್ತೀರಿ ಅಂತ..."

ಅತ್ತೆ ನೀರಿನೊಳಗೆ ಕೈ ಹಾಕಿದಳು. ಕಲ್ಲಿನ ತಲೆ ಒಂದು ಗೇಣು ಕೆಳಗಿತ್ತು. ಅದರ ಮೇಲೆ ನೀರೆಳೆಯುವ ಗಾಲಿಯ ಅಚ್ಚು ಕೂರುತ್ತಿದ್ದ ಕುಳಿ ಇತ್ತು. ಕುಳಿಯಲ್ಲಿ ಬೆರಳಾಡಿಸಿದಳೆಂದು ಅವಳ ಭುಜದ ಅಲುಗಾಟದಿಂದ ನನಗೆ ತಿಳಿಯಿತು. ತೆರೆಗಳು ಇಬ್ಬರನ್ನೂ ಬಡಿದು ಹೋಗುತ್ತಿದ್ದವು. ಇಷ್ಟು ವರ್ಷ ತಾನೊಬ್ಬಳೇ ಈ ಹೊಲಕ್ಕೆ ಬರುತ್ತಿದ್ದೇನೆಂದು ಅವಳು ತಿಳಿದಿದ್ದಳು.

ಹೊರಗೆ ಬರುವಾಗ ಅತ್ತೆ ತೇಲುತ್ತಿದ್ದ ಕದವನ್ನು ಹಿಡಿದು ತಂದಳು. ಮಾವನನ್ನು ಅದರ ಮೇಲೆ ಬೋರಲು ಮಲಗಿಸಿದಳು. "ಕಣ್ಣ ಮುಚ್ಚಬ್ಯಾಡ್ರಿ, ನೋಡ್ರಿ, ನಿಮ್ಮ ಹೊಲಾ ಐತಿ" ಎಂದು, ಬಂದ ಒಂದು ಕರುವಿಗೆ ತಳ್ಳಿ ಕೊಟ್ಟಳು. ಮಾವ ಕಣ್ಣು ಬಿಗಿದು ಮುಚ್ಚಿ, ಬಸವಾ ಬಸವಾ ಎನ್ನುತ್ತ ನನ್ನ ಕಾಲಿನ ಬಳಿ ಬಂದು ನಿಂತ. ಅವನ ಜೀವನದಲ್ಲಿ ಅದೊಂದೇ ಸವಾರಿ. ಮನೆಯ ಮುಂದೆ ಇಬ್ಬರೂ ತೊಪ್ಪನೆ ತೋಯ್ದು ಬಂದದ್ದನ್ನು ಆಯಿ ನೋಡಿ, "ಮುಗೀತು. ಇವಂಗೂ ಹಿಡೀತು" ಎಂದಳು.

ಮುಂದಿನ ಬೇಸಿಗೆಯಲ್ಲಿ ಕಲ್ಲನ್ನು ಕಿತ್ತು ತರುತ್ತೇನೆಂದು ಮಾವ ಹೊರಟಾಗ ತಡೆದವಳು ಅತ್ತೆ.

"ಇರ್ಲಿ ಬಿಡ್ರಿ. ಹೊಲದಾಗ ಒಬ್ಬರರ ನಿಂತಿರಬೇಕಲ್ಲ."

ಮಾವ ಕಲ್ಲಿಗೊಂದು ಉದ್ದನೆಯ ಬಿದಿರು ಬಿಗಿದು, ತುದಿಗೆ ಹಳೆಯ ಪಟಕದ ತುಂಡು ಕಟ್ಟಿ ಬಂದ. ಪ್ರತಿ ಬೇಸಿಗೆಯಲ್ಲೂ ಹೋಗಿ ಅದನ್ನು ಬದಲಿಸುತ್ತಿದ್ದ. ಬೇಸಿಗೆಯ ಹೊಲ ಅವನದು, ಆಷಾಢದ ಹೊಲ ಅವಳದು ಎಂದಾಯಿತು. ಅವಳು ಕದ ಎಳೆದುಕೊಂಡು ತಿರುಗಿ ಬಂದಾಗ ಮಾವ ಕಟ್ಟೆಯ ಮೇಲೆ ಕಾಯುತ್ತಿರುತ್ತಿದ್ದ. ಕೇಳುತ್ತಿದ್ದದ್ದು ಒಂದೇ ಮಾತು: "ಹೊಲಾ ಹೆಂಗೈತಿ?" ಅತ್ತೆ ಕೂದಲು ಹಿಂಡುತ್ತ ಹೇಳುತ್ತಿದ್ದಳು: "ಚಲೋ ಐತ್ರಿ."

ನಾನು ಓದು ಮುಗಿಸಿ ಮುದ್ದೇಬಿಹಾಳದ ಕಡೆ ಶಿಕ್ಷಕಿಯಾದೆ. ಆಷಾಢದಲ್ಲಿ ಒಮ್ಮೆಯಾದರೂ ಬಸ್ಸು ಹಿಡಿದು ಬರುತ್ತಿದ್ದೆ. ಆಯಿ ತೀರಿಕೊಂಡಳು. ಅತ್ತೆಯ ಕೂದಲು ಬೆಳ್ಳಗಾಯಿತು. ಕದವೂ ನೀರು ಬಿಸಿಲು ಕುಡಿದು ಬೆಳ್ಳಗಾಯಿತು. ಶಾಲೆಯ ಪ್ರವಾಸದಲ್ಲೊಮ್ಮೆ ಕಾರವಾರದ ಕಡೆ ಹೋದಾಗ ಸಮುದ್ರದಲ್ಲಿ ಹಲಗೆ ಹಿಡಿದ ಹುಡುಗರನ್ನು ನೋಡಿದೆ. ಅವರು ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ ರೀತಿ ಅವಳದೇ. ನನ್ನ ಬಾಯಿಂದ ತಾನಾಗಿ ಬಂತು: ಇದು ಕರು, ಬಿಡು.

ಹೋದ ಸಂಕ್ರಾಂತಿಯ ನಂತರ ಅವಳಿಗೆ ಜ್ವರ ಬಂತು, ಎದೆಗೆ ಇಳಿಯಿತು. ನಾನು ಬರುವಷ್ಟರಲ್ಲಿ ಉಸಿರು ನಿಂತಿತ್ತು, ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ಮೇಲೆ, ತೋಳುಗಳ ಮೇಲೆ ವಿಭೂತಿ. ಎಡಗೈ ಮಡಿಲಲ್ಲಿತ್ತು. ಮೊಣಕೈಯ ಆ ಗುರುತು ಮಾತ್ರ ವಿಭೂತಿ ಹಿಡಿಯದೆ ಕಪ್ಪಗೆ ಕಾಣುತ್ತಿತ್ತು. ಮಾವ ಅದನ್ನೇ ನೋಡುತ್ತ ಕೂತಿದ್ದ. ನಾನೂ ಅವನ ಪಕ್ಕ ಕೂತು ಅದನ್ನೇ ನೋಡಿದೆ.

ಈ ಆಷಾಢದಲ್ಲಿ ಬರುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಬಂದಾಗ ಮಾವ ಕದಕ್ಕೆ ಎಣ್ಣೆ ಒರೆಸಿ ಅಂಗಳದ ಕಲ್ಲಿಗೆ ಆನಿಸಿ ನಿಲ್ಲಿಸಿದ್ದ. ಸೀಳಿದ ಮೂಲೆಗೆ ಅಂದೇ ಹೊಡೆದಿದ್ದ ತಗಡಿನ ಪಟ್ಟಿಯನ್ನು ಉಜ್ಜಿದ್ದ. ಅಂಚಿಗೆ ಕುಂಕುಮ, ಸ್ವಲ್ಪ ಓರೆಯಾಗಿ, ಅವನೇ ಹಚ್ಚಿದ್ದು. ನಾನು ಚೀಲ ಇಳಿಸಿ ನಿಂತೆ. ಅವನು ಹಗ್ಗವನ್ನು ನನ್ನ ಕೈಗೆ ಕೊಟ್ಟ.

"ಹೊಲಕ್ಕ ಹೋಗಿ ಬಾ, ತಂಗಿ."

ನೀರು ನಡುವಿನ ಒಡ್ಡಿಗೆ ಬಂದಿತ್ತು. ದೂರದಲ್ಲಿ ಬಿದಿರಿನ ತುದಿಯ ಕೆಂಪು ತುಂಡು ಗಾಳಿಗೆ ನೆಟ್ಟಗೆ ನಿಂತಿತ್ತು. ಕರುಗಳನ್ನು ಬಿಟ್ಟೆ. ಹೋರಿಯೊಂದು ಒಡ್ಡಿನ ಮೇಲೆ ಎದ್ದಿತು. ಕದದ ಮೇಲೆ ಬಿದ್ದೆ, ಮೊಣಕೈ ತಾನಾಗಿ ಚಿಲಕದ ತೂತು ಹುಡುಕಿತು. ತೂತಿನ ಅಂಚು ನಾನು ಎಣಿಸಿದ್ದಕ್ಕಿಂತ ನುಣುಪಾಗಿತ್ತು, ಅಲ್ಲಿ ಅಂಗೈಯಂಥ ಒಂದು ತಗ್ಗಾಗಿತ್ತು. ಕಾಲಿನ ಕಡೆ ಎದ್ದಿತು. ಸುಮ್ಮನೆ ಮಲಗಿದೆ.

ತಿರುಗಿ ಬರುವಾಗ ಮಾವ ಕಟ್ಟೆಯ ಮೇಲೆ ಕೂತಿದ್ದ. ನನ್ನ ಮೊಣಕೈ ಕೆಂಪಾಗಿದ್ದದ್ದನ್ನು ನೋಡಿದ. ಕೇಳುವನೋ ಇಲ್ಲವೋ ಎಂದು ನಾನು ಕೂದಲು ಹಿಂಡುತ್ತ ನಿಂತೆ.

"ಹೊಲಾ ಹೆಂಗೈತಿ?" ಎಂದ.

"ಚಲೋ ಐತ್ರಿ ಮಾವಾ," ಎಂದೆ. "ಕಲ್ಲ ನಿಂತೈತಿ."